ಬಿಸ್ಕತ್ತಿನ ಡಬ್ಬಿ

ಕಳೆದ ಶನಿವಾರ ಮಧ್ಯಾಹ್ನ ಮೊಮ್ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗು ಬಿಸಾಡಿ ಕೂತಳು. "ತಾತ, ನಾನಿನ್ನು ಆ ನಾಟಕಕ್ಕೆ ಹೋಗಲ್ಲ." ಅವರ ಕಾಲೇಜಿನ ಹುಡುಗ ಹುಡುಗಿಯರೇ ಸೇರಿ ಒಂದು ಗೀತನಾಟಕ ಮಾಡುತ್ತಿದ್ದಾರೆ. ಮೇಷ್ಟ್ರುಗಳು ಯಾರೂ ತಲೆ ಹಾಕುವಂತಿಲ್ಲ. ಮೇಳದಲ್ಲಿ ಇವಳ ಶ್ರುತಿ ಸೇರುತ್ತಿಲ್ಲವೆಂದು, "ನೀನು ಬರೀ ಬಾಯಾಡಿಸು" ಅಂದರಂತೆ.

ನನಗೆ ನಗು ಬರಲಿಲ್ಲ. ಐವತ್ತು ವರ್ಷದ ಹಿಂದೆ ಇದೇ ಮಾತನ್ನು ನನಗೂ ಹೇಳಿದ್ದರು.

1971. ನಾನು ಬಿ.ಕಾಂ. ಕೊನೆಯ ವರ್ಷ. ನಾವೇ ಒಂದು ತಂಡ ಕಟ್ಟಿಕೊಂಡು ಪು.ತಿ.ನ. ಅವರ 'ಗೋಕುಲ ನಿರ್ಗಮನ' ಆಡಲು ಹೊರಟೆವು. ಮಕ್ಕಳೇ, ಪು.ತಿ.ನ. 1905ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದವರು. ಸರ್ಕಾರಿ ನೌಕರಿ ಮಾಡುತ್ತಲೇ ಇಂಥ ನಾಟಕಗಳನ್ನು ಬರೆದವರು. ಕೃಷ್ಣ ಕೊಳಲು ಬಿಟ್ಟು, ಗೋಕುಲ ಬಿಟ್ಟು, ಅಕ್ರೂರನ ಜೊತೆ ಮಥುರೆಗೆ ಹೊರಡುವ ಕಥೆ ಅದು. ಮುಂದೆ ಬಿ.ವಿ. ಕಾರಂತರೂ ಅದನ್ನು ರಂಗಕ್ಕೆ ತಂದರು.

ಅದರಲ್ಲಿ ಮಾತಿಗಿಂತ ಹಾಡೇ ಮುಂದು. ಇಟಲಿಯಲ್ಲಿ 1600ರ ಸುಮಾರಿಗೆ ಶುರುವಾದ ಒಪೆರಾ ಕೂಡ ಹೀಗೇ. ನಮ್ಮ ಯಕ್ಷಗಾನದಲ್ಲಾದರೆ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾನೆ. ಇಲ್ಲಿ ಎರಡೂ ಒಬ್ಬನದೇ ಪಾಡು. ಓಡಾಡುತ್ತಾ ಹಾಡಿದರೆ ಉಸಿರು ಸಾಲದು, ನಿಂತು ಹಾಡಿದರೆ ಸಂಗೀತ ಕಚೇರಿಯಂತಾಗುತ್ತದೆ. ಹುಡುಗರ ಶ್ರುತಿ ಹುಡುಗಿಯರಿಗೆ ಹೊಂದದೆ ಹಾರ್ಮೋನಿಯಂನವನು ಸುಸ್ತಾಗಿ ಹೋದ.

ನಾನು ಗೊಲ್ಲರ ಮೇಳದಲ್ಲಿ ನಾಲ್ಕನೆಯವನು. ಜೊತೆಗೆ ಖಜಾಂಚಿ, ಬಿ.ಕಾಂ. ಹುಡುಗ ಸಿಕ್ಕರೆ ಯಾರು ಬಿಟ್ಟಾರು? ಚಂದಾ ಎತ್ತಿದ 112 ರೂಪಾಯಿ ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ನಾಟಕಕ್ಕೆ ಮೂರು ದಿನವಿರುವಾಗ ಕೃಷ್ಣನ ಪಾತ್ರದ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ. "ಬೇಜಾರು ಮಾಡ್ಕೋಬೇಡ ಕಣೋ, ಬಾಯಾಡಿಸು ಸಾಕು, ದನಿ ಬಿಡಬೇಡ."

ನಾಟಕದ ದಿನ ನಾನು ಹೋಗಲಿಲ್ಲ. ಡಬ್ಬಿಯನ್ನೂ ಕಳಿಸಲಿಲ್ಲ. ದುಡ್ಡು ಕೊಡದೆ ಪೇಟೆಯ ಅಂಗಡಿಯವನು ಕಿರೀಟ, ಪೀತಾಂಬರ ಬಾಡಿಗೆಗೆ ಕೊಡುವುದಿಲ್ಲ ಎಂದು ಗೊತ್ತಿದ್ದೂ ಕಳಿಸಲಿಲ್ಲ. ಇಬ್ಬರು ಸೈಕಲ್ಲಿನಲ್ಲಿ ಹುಡುಕಿಕೊಂಡು ಬಂದರು. ನಾನು ಹಿತ್ತಿಲಲ್ಲಿ ಕೂತು, ಮನೆಯಲ್ಲಿಲ್ಲ ಎಂದು ಅಮ್ಮನ ಕೈಲಿ ಹೇಳಿಸಿದೆ.

ನಾಟಕವೇನೂ ನಿಲ್ಲಲಿಲ್ಲ. ಯಾರದೋ ಅಕ್ಕನ ಹಳದಿ ರೇಷ್ಮೆ ಸೀರೆ ಉಟ್ಟು, ರಟ್ಟಿನ ಕಿರೀಟ ಇಟ್ಟುಕೊಂಡು ಕೃಷ್ಣ ಹಾಡಿದನಂತೆ. ಸೋಮವಾರ ಡಬ್ಬಿ ಒಪ್ಪಿಸಿದಾಗ ಅವನು ಎಣಿಸಲೂ ಇಲ್ಲ.

"ಹುಷಾರಿರಲಿಲ್ವೇನೋ?" ಎಂದು ಕೇಳಿದ.

"ಹೂಂ, ಜ್ವರ" ಅಂದೆ.

ಆಮೇಲೆ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿದೆ. ಅವನೂ ಆಗಾಗ ಕೌಂಟರಿಗೆ ಬರುತ್ತಿದ್ದ, ಕಾಫಿಗೆ ಕರೆಯುತ್ತಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವನು ಹೋಗಿಬಿಟ್ಟ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳ ಅಜ್ಜಿ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. "ನನಗೂ ಹೇಳಿರಲಿಲ್ಲವಲ್ಲ" ಅಂದಳು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ನಮ್ಮ ತಂಡದ ದುಡ್ಡೂ ನನ್ನ ಫೋನಿನಲ್ಲೇ ಇದೆ" ಅಂದಳು. ಎದ್ದು ಮುಖ ತೊಳೆದುಕೊಂಡು, ಕಾಫಿಯನ್ನೂ ಕುಡಿಯದೆ ಶ್ರೀನಗರ ಬಸ್ ಸ್ಟ್ಯಾಂಡಿನ ಕಡೆ ಹೊರಟಳು.