ಬೇಕಲದ ಕೋಟೆಯಿಂದ ನಮ್ಮ ಚರ್ಚಿನ ಅಂಗಳಕ್ಕೆ

ನಮ್ಮ ಪಾಲನಾ ಮಂಡಳಿಯ ಸಭೆಯಲ್ಲಿ ಯುವಜನರಿಂದ ಒಂದು ಸಲಹೆ ಬಂತು. "ಜಿಲ್ಲೆಯ ಪ್ರವಾಸಿ ಕೈಪಿಡಿಯಲ್ಲಿ ಕೋಟೆಗಳಿವೆ, ದೇವಸ್ಥಾನ, ಮಸೀದಿಗಳಿವೆ, ಬೇಳದ ಇಗರ್ಜಿಯೂ ಇದೆ. ನಮ್ಮ ಚರ್ಚಿನ ಹೆಸರನ್ನೂ ಸೇರಿಸುವಂತೆ ಯಾಕೆ ಕೇಳಬಾರದು, ಫಾದರ್?" ಹಿರಿಯ ಗುರಿಕಾರರೊಬ್ಬರು ಕೂಡಲೇ ತಲೆ ಅಲ್ಲಾಡಿಸಿದರು. "ಇದು ಪ್ರಾರ್ಥನೆಯ ಮನೆ. ಫೋಟೋ ತೆಗೆಯುವ ಜಾಗ ಅಲ್ಲ." ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಊರೊಂದು ಅತಿಥಿಗಳನ್ನು ಹೇಗೆ ಕರೆಯುತ್ತದೆ ಎಂಬುದನ್ನು ಮೊದಲು ನೋಡಿ ಬರೋಣವೆಂದು, ಒಂದು ಭಾನುವಾರ ಬಲಿಪೂಜೆ ಮುಗಿಸಿ, ನಾವು ಎರಡು ಜೀಪುಗಳಲ್ಲಿ ಬೇಕಲಕ್ಕೆ ಹೊರಟೆವು.

ಕಾಸರಗೋಡು ಪೇಟೆ ದಾಟಿ, ಚಂದ್ರಗಿರಿ ಹೊಳೆಯ ಸೇತುವೆ ಕಳೆದರೆ ಒಂದು ಬದಿಗೆ ತೆಂಗು, ಇನ್ನೊಂದು ಬದಿಗೆ ಕಡಲು. ಅರ್ಧ ಗಂಟೆಯ ಹಾದಿ. ಸುಮಾರು 40 ಎಕರೆಯ ಕೋಟೆ ಕಡಲಿಗೆ ಮುಖ ಮಾಡಿ ನಿಂತಿದೆ. ಒಳಗೆ ಅರಮನೆಯಿಲ್ಲ, ಅಂತಃಪುರವಿಲ್ಲ. ಇದು ಕಾವಲಿಗಾಗಿಯೇ ಕಟ್ಟಿದ ಕೋಟೆ. ಗೋಡೆಯ ರಂಧ್ರಗಳನ್ನು ಗಮನಿಸಿ: ಮೇಲಿನವು ದೂರದ ವೈರಿಗೆ, ಅದರ ಕೆಳಗಿನವು ಹತ್ತಿರ ಬಂದವನಿಗೆ, ತೀರಾ ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ! ಬರುವವರನ್ನು ತಡೆಯಲೆಂದು ಕಟ್ಟಿದ ಈ ಗೋಡೆ ಇಂದು ಬರುವವರಿಗಾಗಿಯೇ ಕಾದು ನಿಂತಿದೆ.

ಇದು ತಾನಾಗಿಯೇ ಆದದ್ದಲ್ಲ. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಲಾಯಿತು. 1995ರಲ್ಲಿ ಕೇರಳ ಸರಕಾರವು ಬೇಕಲ ರಿಸಾರ್ಟ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ನಿಗಮವು ಜಾಗ ಒದಗಿಸಿ, ದೀರ್ಘಾವಧಿಯ ಗುತ್ತಿಗೆಗೆ ಹೋಟೆಲಿನವರಿಗೆ ಕೊಟ್ಟಿತು. ರಸ್ತೆ, ನೀರು, ಕಡಲತೀರದ ಉದ್ಯಾನದ ಹೊಣೆ ಹೊತ್ತಿತು. ಅದೇ 1995ರಲ್ಲಿ ತೆರೆ ಕಂಡ ಮಣಿರತ್ನಂ ಅವರ 'ಬಾಂಬೆ' ಚಿತ್ರದ ಒಂದು ಹಾಡು ಈ ಕೋಟೆಯಲ್ಲೇ ಚಿತ್ರೀಕರಣವಾಗಿತ್ತು. ಯಾವ ಜಾಹೀರಾತಿಗೂ ಸಾಧ್ಯವಾಗದ ಕೆಲಸವನ್ನು ಆ ಹಾಡು ಮಾಡಿತು. 2022ರ ಕ್ರಿಸ್ಮಸ್ ರಜೆಯಲ್ಲಿ ಇಲ್ಲಿ ಅಂತಾರಾಷ್ಟ್ರೀಯ ಬೀಚ್ ಉತ್ಸವವೂ ನಡೆಯಿತು.

ಊರನ್ನು ಹೀಗೆ ಸಂಘಟಿತವಾಗಿ ಪರಿಚಯಿಸುವ ಕ್ರಮ ಹಳೆಯದೇ. 1896ರಲ್ಲಿ ಅಮೆರಿಕಾದ ಡೆಟ್ರಾಯಿಟ್ ನಗರದಲ್ಲಿ ಪತ್ರಕರ್ತರೊಬ್ಬರು, ಹೇಗೂ ನಡೆಯುವ ಸಮ್ಮೇಳನಗಳನ್ನು ನಮ್ಮ ಊರಿಗೇ ಯಾಕೆ ಕರೆಯಬಾರದು ಎಂದು ಬರೆದರು. ವರ್ತಕರು ಒಟ್ಟಾದರು. ಇಂದು ದೇಶದೇಶಗಳಲ್ಲಿರುವ ಪ್ರವಾಸ ಹಾಗೂ ಸಮ್ಮೇಳನ ಕಚೇರಿಗಳ ಮೂಲ ಇದೇ ಎನ್ನುತ್ತಾರೆ. ನಮ್ಮ ಕೇರಳವಂತೂ 'ದೇವರ ಸ್ವಂತ ನಾಡು' ಎಂಬ ಒಂದೇ ಮಾತಿನಿಂದ ಜಗತ್ತನ್ನು ಕರೆಯಿತು. ಮಾತು ಚೆಂದವೇ. ಆದರೆ ದೇವರ ನಾಡೆಂದು ಹೇಳಿಕೊಂಡ ಮೇಲೆ, ಆ ನಾಡಿನ ಬಡವನಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯೂ ದೇವರದ್ದೇ ಅಲ್ಲವೇ? ಸ್ಥಳೀಯರಿಗೆ ಪಾಲು ಸಿಗಲೆಂದು ಕೇರಳವು 2008ರಲ್ಲಿ ಕುಮರಕಂ, ವಯನಾಡು ಮುಂತಾದೆಡೆ 'ಜವಾಬ್ದಾರಿಯುತ ಪ್ರವಾಸೋದ್ಯಮ'ವನ್ನು ಆರಂಭಿಸಿದ್ದು ಈ ಕಾರಣಕ್ಕೇ. ಊರವರ ತರಕಾರಿ, ಹಾಲು, ಕೈಕಸಬಿನ ವಸ್ತುಗಳನ್ನು ಹೋಟೆಲುಗಳು ಕೊಳ್ಳಬೇಕೆಂಬುದು ಅದರ ಉದ್ದೇಶ.

ಕೋಟೆಯ ಹೊರಗೆ ಬೊಂಡ ಮಾರುವ ಅಮ್ಮನೊಬ್ಬರನ್ನು ಮಾತಾಡಿಸಿದೆವು. "ಕಾರಿನಲ್ಲಿ ಬಂದವರು ಫೋಟೋ ತೆಗೆದು ಹೋಗುತ್ತಾರೆ. ಶಾಲೆ ಮಕ್ಕಳ ಬಸ್ಸು ಬಂದ ದಿನ ನನಗೆ ಹಬ್ಬ" ಎಂದು ನಕ್ಕರು. ಆ ನಗು ನಮ್ಮ ಜೊತೆಯಲ್ಲೇ ಬಂತು.

ಹಿಂತಿರುಗುವಾಗ ಕೇಳಿದೆವು: "ಕೋಟೆ ಕಟ್ಟಿಸಿದವರು ಯಾರು?" ಹಾಡು ಎಲ್ಲರಿಗೂ ಗೊತ್ತು, ಉತ್ತರ ಒಬ್ಬರಿಗೂ ಗೊತ್ತಿಲ್ಲ. 17ನೆಯ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪ ನಾಯಕ, ಕನ್ನಡ ನಾಡಿನ ಅರಸು, ಎಂದಾಗ ಮಕ್ಕಳು ಬೆರಗಾದರು. ಗುರಿಕಾರರು ಮೆಲ್ಲಗೆ ಕೇಳಿದರು: "ಕೋಟೆಯ ವಿಷಯ ಬಿಡಿ. ನಮ್ಮ ಚರ್ಚಿನ ಬಾಗಿಲ ಮೇಲಿನ ಕಲ್ಲಿನಲ್ಲಿ ಏನು ಬರೆದಿದೆ, ಹೇಳಿ ನೋಡೋಣ?" ಜೀಪಿನಲ್ಲಿ ಮೌನ. ಆ ಕಲ್ಲು ಕನ್ನಡದಲ್ಲಿದೆ. ಮಲಯಾಳ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳು ಪ್ರತಿ ಭಾನುವಾರ ಅದರ ಕೆಳಗೇ ಹಾದುಹೋಗುತ್ತಾರೆ, ಓದಲು ಬರುವುದಿಲ್ಲ. ತಪ್ಪು ಅವರದ್ದೇ ಎನ್ನುವಂತಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ನಾವಾದರೂ ಒಮ್ಮೆ ಅವರನ್ನು ಅಲ್ಲಿ ನಿಲ್ಲಿಸಿ ಓದಿಸಿದ್ದೇವೆಯೇ?

ಮುಂದಿನ ಸಭೆಯಲ್ಲಿ ತೀರ್ಮಾನ ಸುಲಭವಾಯಿತು. ಕೈಪಿಡಿಯ ವಿಷಯ ಆಮೇಲೆ. ಮೊದಲು ಹಗಲಿಡೀ ಚರ್ಚಿನ ಬಾಗಿಲು ತೆರೆದಿರಲಿ. ನೆರಳಲ್ಲಿ ಒಂದು ಬೆಂಚು, ಒಂದು ಹೂಜಿ ನೀರು ಇರಲಿ. ಕನ್ನಡ, ಕೊಂಕಣಿ, ಮಲಯಾಳ, ಇಂಗ್ಲಿಷಿನಲ್ಲಿ ಚರ್ಚಿನ ಚರಿತ್ರೆಯ ಫಲಕ ಹಾಕೋಣ. ಪೂಜೆಯ ಹೊತ್ತಿನಲ್ಲಿ ಮೌನವಿರಲಿ ಎಂದು ಅದರಲ್ಲೇ ವಿನಂತಿಸೋಣ. ಬರಹದ ಹೊಣೆ ಯುವಜನರದ್ದು, ಅವರಿಗೆ ಕನ್ನಡ ಓದಿಸುವ ಹೊಣೆ ಗುರಿಕಾರರದ್ದು. ಈಗ ಭಾನುವಾರ ಪೂಜೆಯ ನಂತರ ಆ ಹಿರಿಯರ ಸುತ್ತ ಎಂಟು ಹತ್ತು ಮಕ್ಕಳು ಕಲ್ಲಿನತ್ತ ಬೆರಳು ಚಾಚಿ ಅಕ್ಷರ ಕೂಡಿಸುತ್ತಿರುವುದನ್ನು ಕಾಣಬಹುದು.

ಮಮ್ರೆಯ ತೋಪಿನಲ್ಲಿ ಅಬ್ರಹಾಮನು ಅಪರಿಚಿತ ಮೂವರನ್ನು ಕಂಡು ಓಡಿಹೋಗಿ ಕರೆದ; ಕಾಲಿಗೆ ನೀರು, ಮರದ ನೆರಳು, ರೊಟ್ಟಿ ಕೊಟ್ಟ. ಅವರು ಯಾರೆಂದು ತಿಳಿದದ್ದು ಆಮೇಲೆ. ಪ್ರಿಯ ಕುಟುಂಬಗಳೇ, ನಮ್ಮ ಅಂಗಳಕ್ಕೂ ಯಾರೋ ಬರುತ್ತಾರೆ. "ಇದು ಯಾರು ಕಟ್ಟಿಸಿದ ಚರ್ಚು?" ಎಂದು ಅವರು ಕೇಳಿದಾಗ ನಮ್ಮ ಮನೆಯ ಮಗು ಉತ್ತರಿಸುವಂತಾಗಲಿ.