ಕನ್ನಡಕದ ಪ್ರವಾಸ

ನಿತ್ಯವೂ ಕುಮಾರವ್ಯಾಸ ಭಾರತವನ್ನು ಓದದೆ ಉಣ್ಣದ ನಮ್ಮ ತಂದೆಯವರ ಕನ್ನಡಕ ಒಡೆಯಿತು. ನಾನು ಬೆಂಗಳೂರಿನಲ್ಲಿ ಹೊಸದನ್ನು ಮಾಡಿಸಿ, ನಮ್ಮೂರಾದ ಹೊಸಹಳ್ಳಿಗೆ ಅಂಚೆಯಲ್ಲಿ ಕಳುಹಿಸಿದೆ. ವಾರಗಳು ಉರುಳಿದರೂ ಪಾರ್ಸಲಿನ ಸುಳಿವಿಲ್ಲ. ಸೈಕಲ್ಲಿನ ಗಂಟೆ ಕೇಳಿದೊಡನೆ ತಂದೆಯವರು ಜಗಲಿಗೆ ಧಾವಿಸುವರು. ಒಮ್ಮೆ ಐಸ್‌ಕ್ಯಾಂಡಿ ಮಾರುವವನನ್ನೇ ಅಂಚೆಯವನೆಂದು ಭ್ರಮಿಸಿ, "ನನಗೇನಾದರೂ ಬಂದಿದೆಯೇನಪ್ಪಾ?" ಎಂದು ವಿಚಾರಿಸಿದರಂತೆ!

ನಮ್ಮ ನಾಡಿನಲ್ಲಿ ಹೊಸಹಳ್ಳಿಗಳು ಒಂದೇ ಎರಡೇ? ಇಂತಹ ಗೊಂದಲವನ್ನು ನಿವಾರಿಸಲೆಂದೇ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ಬಂದಿತು. ಅದನ್ನು ಬರೆಯಲು ನಾನೇ ಮರೆತಿದ್ದೆ! ಕನ್ನಡಕವು ಬೇರೆ ಎರಡು ಹೊಸಹಳ್ಳಿಗಳ ಆತಿಥ್ಯವನ್ನು ಸ್ವೀಕರಿಸಿ, ತಿಂಗಳ ಬಳಿಕ ಮನೆ ಸೇರಿತು.

ತಂದೆಯವರು ಅದನ್ನು ಧರಿಸಿ ಮೊದಲು ಓದಿದ್ದು ನಾನು ಬರೆದ ವಿಳಾಸವನ್ನು. ಮರುದಿನವೇ ನನಗೊಂದು ಕಾಗದ ಬರೆದರು: "ಮಗೂ, ಕನ್ನಡಕ ನನಗಿಂತ ನಿನಗೇ ಅವಶ್ಯಕವೆಂದು ತೋರುತ್ತದೆ."