ಮುನ್ನೂರ ಹತ್ತು ಸಾಲದೇ?

ಮಲ್ಕಾಜ್‌ಗಿರಿಯಲ್ಲಿ ನಾನು ನೆಲೆನಿಂತು ಇಪ್ಪತ್ತೆಂಟು ವರ್ಷವಾಯಿತು. ಇಲ್ಲಿ ಈಗಲೂ ಕನ್ನಡ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ಹಾಗೆ ಪರಿಚಯವಾದವನು ಬಾಗಲಕೋಟೆ ಕಡೆಯ ಒಬ್ಬ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದವನೇ, ನನಗೆ ಹುಡುಗ ಅಷ್ಟೆ. ಮೂರು ವರ್ಷದ ಹಿಂದೆ ಅವನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಊರಲ್ಲಿ ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ. ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ರಿಪೋರ್ಟ್ ಹಿಡಿದು ಬಂದ. "ಅಣ್ಣಾರ, ಮಂದೀದು ಐನೂರು ದಾಟೈತಿ, ನಂದು ಮುನ್ನೂರಾ ಹತ್ತಕ್ಕ ನಿಂತೈತ್ರಿ. ಏರಸೂ ಪುಡಿ ಐತಿ ಅಂತಾರ, ತಿಂಗಳಿಗೆ ನಾಕು ಸಾವಿರ. ತಗೊಳ್ಳಲೇನ್ರಿ?"

ಅವನು ಹೇಳಿದ್ದು ಸಿಡಿ4 ಲೆಕ್ಕ. ಸೋಂಕಿನ ವಿರುದ್ಧ ಉಳಿದ ಕಣಗಳನ್ನು ಎಬ್ಬಿಸಿ ನಿಲ್ಲಿಸುವ ಬಿಳಿ ರಕ್ತಕಣ ಇದು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಅಪಾಯ. ಇವನು ಮಾತ್ರೆ ಶುರುಮಾಡಿದಾಗ ಇದ್ದದ್ದು 120! ಅಷ್ಟು ಕೆಳಗಿನಿಂದ ಹೊರಟವರಲ್ಲಿ ಏರಿಕೆ ನಿಧಾನ. ಕೆಲವರಲ್ಲಿ ಐನೂರು ಮುಟ್ಟುವುದೇ ಇಲ್ಲ.

ಲೆಕ್ಕವನ್ನು ಮೇಲಕ್ಕೆತ್ತಲು ವಿಜ್ಞಾನಿಗಳೂ ಹೆಣಗಿದ್ದಾರೆ. ಎಸ್ಪ್ರಿಟ್, ಸಿಲ್ಕಾಟ್ ಎಂಬ ಎರಡು ಅಧ್ಯಯನಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿದ್ದರು. ಅರ್ಧ ಜನಕ್ಕೆ ಮಾತ್ರೆಯ ಜೊತೆ ಇಂಟರ್‌ಲ್ಯೂಕಿನ್-2 ಚುಚ್ಚುಮದ್ದು, ಉಳಿದವರಿಗೆ ಮಾತ್ರೆ ಮಾತ್ರ. 2009ರಲ್ಲಿ ಫಲಿತಾಂಶ ಬಂತು. ಚುಚ್ಚಿಸಿಕೊಂಡವರ ಸಿಡಿ4 ನಿಜಕ್ಕೂ ಏರಿತ್ತು, ಆದರೆ ಕಾಯಿಲೆಯೂ ಸಾವೂ ಕಡಿಮೆಯಾಗಲಿಲ್ಲ! ಅಂಕಿ ಏರಿದ ಮಾತ್ರಕ್ಕೆ ಆಯಸ್ಸು ಏರಲಿಲ್ಲ ನೋಡಿ.

ಇನ್ನು ಪುಡಿಯ ಮಾತು. ಅದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಇದ್ದರೆ, ಇವನು ನುಂಗುವ ಡೊಲುಟೆಗ್ರಾವಿರ್ ಮಾತ್ರೆ ಮೈಗೆ ಸರಿಯಾಗಿ ಹತ್ತದಂತೆ ಅದು ತಡೆಯಬಹುದು. ಕಾಸು ಕೊಟ್ಟು ಕೇಡು ತಂದುಕೊಂಡ ಹಾಗೆ. ಏನೇ ತಗೊಳ್ಳುವುದಿದ್ದರೂ ಎಆರ್‌ಟಿ ಸೆಂಟರಿನ ಡಾಕ್ಟರನ್ನು ಕೇಳು ಅಂದೆ.

ರಿಪೋರ್ಟಿನಲ್ಲಿ ಅವನು ಓದದೇ ಬಿಟ್ಟ ಇನ್ನೊಂದು ಸಾಲಿತ್ತು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ. ಅದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದನ್ನು ವಿವರಿಸಿದಾಗ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಮೆಲ್ಲಗೆ, "ಜಾತ್ರಿಗೆ ಊರಿಗೆ ಹೋದಾಗ ನಾಕು ದಿನ ಗುಳಿಗಿ ತಗೊಂಡಿಲ್ರಿ, ಅವ್ವ ನೋಡ್ತಾಳಂತ" ಅಂದ.

ಮುನ್ನೂರ ಹತ್ತಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಆ ನಾಲ್ಕು ದಿನ. ಹೀಗೆ ಮತ್ತೆ ಮತ್ತೆ ತಪ್ಪಿಸಿದರೆ ವೈರಸ್ ತಲೆಯೆತ್ತುತ್ತದೆ, ಔಷಧಿಗೆ ಬಗ್ಗದೆಯೂ ಹೋಗಬಹುದು.

2004ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಮಾತ್ರೆ ಶುರುವಾದಾಗ, ಸಿಡಿ4 ತೀರಾ ಕುಸಿದವರಿಗೇ ಆದ್ಯತೆ. 2017ರಿಂದ ಲೆಕ್ಕ ಎಷ್ಟೇ ಇರಲಿ, ಸೋಂಕು ಪತ್ತೆಯಾದವರಿಗೆಲ್ಲ ಕೊಡುತ್ತಾರೆ. ಊರು ಬಿಟ್ಟು ಬಂದು ಒಳಗೊಳಗೇ ಹೆದರಿ ಕೂತವರು ನಿಮಗೆ ಗೊತ್ತಿದ್ದರೆ, ಇಷ್ಟನ್ನು ಅವರ ಕಿವಿಗೆ ಹಾಕಿ. ಬೇಗ ಪರೀಕ್ಷೆ ಮಾಡಿಸಿಕೊಳ್ಳಲಿ. ಊರಿಗೆ ಹೊರಟಾಗ ಬಟ್ಟೆಗಿಂತ ಮೊದಲು ಮಾತ್ರೆ ಚೀಲ ಸೇರಲಿ.